ಮೇಲಿನ ಮನೆಯ ನೀರು

ಮೈಸೂರಿನ ಕುವೆಂಪುನಗರದಲ್ಲಿ ನಮ್ಮದೊಂದು ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ತಾರಸಿಯ ಮೇಲೆ ಒಂದೇ ಟ್ಯಾಂಕು. ಅದರಿಂದ ಎರಡು ಪೈಪು ಇಳಿಯುತ್ತವೆ, ಎರಡಕ್ಕೂ ಒಂದೊಂದು ವಾಲ್ವು. ಈ ವಾಲ್ವಿನ ವಿಷಯ ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ. ಆದರೆ ಮೊಮ್ಮಗಳಿಗೆ ಹೇಗೂ ಗೊತ್ತಾಗಿಹೋಗಿದೆ, ಇನ್ನು ಯಾರ ಹತ್ತಿರ ಮುಚ್ಚಿಡಲಿ?

ಮೇಲಿನ ಮನೆಯಲ್ಲಿ ಗಂಡ, ಹೆಂಡತಿ, ಹತ್ತನೇ ತರಗತಿ ಓದುವ ಮಗಳು. ಆತ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಐದು ವರ್ಷದಿಂದ ಇದ್ದರು. ಪ್ರತಿ ಸಲವೂ ಹನ್ನೊಂದು ತಿಂಗಳ ಕರಾರು. "ಹನ್ನೊಂದೇ ಯಾಕೆ ತಾತ?" ಎಂದು ಮೊಮ್ಮಗಳು ಒಮ್ಮೆ ಕೇಳಿದ್ದಳು. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ಬೇಡವೆಂದು ಎಲ್ಲರೂ ಹೀಗೆ ಬರೆಸುತ್ತಾರೆ. ಬಾಡಿಗೆ 7,000 ರೂಪಾಯಿ, ಅಡ್ವಾನ್ಸು 70,000.

ಮಗನಿಗೆ ಮೈಸೂರಿಗೇ ವರ್ಗವಾಯಿತು. ಮಗ, ಸೊಸೆ, ಮೊಮ್ಮಗಳು, ನಾವಿಬ್ಬರು, ಒಟ್ಟು ಐದು ಜನ ಎರಡು ಕೋಣೆಯಲ್ಲಿ. ಮೇಲಿನ ಮನೆ ಬೇಕೇ ಬೇಕಾಯಿತು. ಕರಾರು ಮುಗಿಯುತ್ತಿದ್ದಂತೆ ಅಕ್ಟೋಬರಿನಲ್ಲಿ ಹದಿನೈದು ದಿನದ ನೋಟಿಸು ಕೊಟ್ಟೆ. ತಿಂಗಳ ಬಾಡಿಗೆಯ ಮನೆಗೆ ಅಷ್ಟು ದಿನ ಕೊಡಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಹೇಳುತ್ತದೆ. ದಿನ ತುಂಬಿದ ಮೇಲೆ ಮೆಟ್ಟಿಲು ಹತ್ತಿ ಹೋಗಿ ಕೇಳಿದೆ.

"ಮಗಳ ಪರೀಕ್ಷೆ ಮುಗಿಯೋವರೆಗೂ ಕದಲೋದಿಲ್ಲ ಮೇಷ್ಟ್ರೇ. ಏನ್ ಮಾಡ್ತೀರೋ ಮಾಡ್ಕೊಳ್ಳಿ" ಎಂದು ಬಾಗಿಲು ಹಾಕಿಕೊಂಡರು. ಐದು ವರ್ಷ ಒಂದು ಗಟ್ಟಿ ಮಾತಾಡದ ಮನುಷ್ಯ! ನವೆಂಬರಿನ ಬಾಡಿಗೆ ಬರಲಿಲ್ಲ, ಡಿಸೆಂಬರಿನದೂ ಬರಲಿಲ್ಲ.

ಬೀದಿಯಲ್ಲಿ ಸಲಹೆ ಕೊಡುವವರಿಗೆ ಬರವೇ? ಕರೆಂಟು ತೆಗೆಸಿ ಎಂದರು ಒಬ್ಬರು. ಅವರು ಊರಿಗೆ ಹೋದಾಗ ಬೀಗ ಜಡಿದುಬಿಡಿ ಎಂದರು ಇನ್ನೊಬ್ಬರು. ನನಗೆ ಅಷ್ಟು ಧೈರ್ಯವಿರಲಿಲ್ಲ. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ತಾರಸಿಗೆ ಹೋಗಿ ಅವರ ಮನೆಯ ವಾಲ್ವನ್ನು ತಿರುಗಿಸಿ ಬಂದೆ. ಅರ್ಧ ನಿಮಿಷದ ಕೆಲಸ. ಆ ರಾತ್ರಿ ಚೆನ್ನಾಗಿಯೇ ನಿದ್ದೆ ಬಂತು, ಅದನ್ನೂ ಹೇಳಿಬಿಡಬೇಕು.

ಬೆಳಿಗ್ಗೆ ಆಕೆ ಎರಡು ಬಿಂದಿಗೆ ಹಿಡಿದು ಪಾರ್ಕಿನ ಪಕ್ಕದ ಬೋರ್‌ವೆಲ್ ನಲ್ಲಿಗೆ ಹೋಗುವುದನ್ನು ಕಿಟಕಿಯಿಂದ ನೋಡಿದೆ. ನಮ್ಮನ್ನು ಕೇಳಲಿಲ್ಲ. ಸಂಜೆ ಮೊಮ್ಮಗಳು ಬಂದಳು. "ತಾತ, ಅಕ್ಕನ ಮನೇಲಿ ನೀರೇ ಬರ್ತಿಲ್ಲ."

"ಮೋಟಾರು ಕೆಟ್ಟಿದೆ ಪುಟ್ಟಿ."

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಹಾಗಾದ್ರೆ ನಮ್ಮ ನಲ್ಲೀಲಿ ಹೇಗೆ ಬರ್ತಿದೆ?"

ಮೂವತ್ತಮೂರು ವರ್ಷ ಗಣಿತ ಪಾಠ ಹೇಳಿದವನಿಗೆ ಆರನೇ ತರಗತಿಯ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಅವಳು ಅಡುಗೆಮನೆಗೆ ಹೋಗಿ ಒಂದು ಸಣ್ಣ ಬಿಂದಿಗೆ ತುಂಬಿಕೊಂಡು, ಮೆಟ್ಟಿಲ ಮೇಲೆಲ್ಲ ಚೆಲ್ಲುತ್ತಾ ಮೇಲಕ್ಕೆ ಹೋದಳು. ನನ್ನ ಹೆಂಡತಿ ಅದನ್ನು ನೋಡಿದಳು, ನನ್ನನ್ನೂ ನೋಡಿದಳು. ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕಚೇರಿಗೆ ಹೋದೆ. ಅವನೀಗ ವಕೀಲ. ತರಗತಿಯಲ್ಲಿ ಅವನ ಕಿವಿ ಹಿಂಡಿದ್ದೆ. ಆವತ್ತು ಅವನು ಬಡ್ಡಿ ಸಮೇತ ತೀರಿಸಿದ. ವಾಲ್ವಿನ ಮಾತು ಕೇಳುತ್ತಿದ್ದಂತೆ ಪೆನ್ನು ಕೆಳಗಿಟ್ಟ.

"ಮೇಷ್ಟ್ರೇ, ಮೊದಲು ಮನೆಗೆ ಹೋಗಿ ಅದನ್ನ ತೆಗೀರಿ. ನೋಟಿಸು ಅಂದ್ರೆ ಬೀಗದ ಕೈ ಅಲ್ಲ. ಅವರು ಬಿಡಲ್ಲ ಅಂದ್ರೆ ಬಿಡಿಸೋದು ಕೋರ್ಟು, ನೀವಲ್ಲ. ಅಲ್ಲೀವರೆಗೂ ಆ ಮನೆಗೆ ನೀರು, ಕರೆಂಟು ಹೋಗ್ತಿರಬೇಕು. ಹೇಳದೇ ಕೇಳದೇ ಒಳಗೆ ಕಾಲಿಡೋ ಹಾಗಿಲ್ಲ. ಅವರ ಒಂದು ಚಮಚಾನೂ ಹೊರಗಿಡೋ ಹಾಗಿಲ್ಲ."

ಕಾನೂನು ಬಿಟ್ಟು ಬಲವಂತದಿಂದ ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಂತೆ ಅವರು ಆರು ತಿಂಗಳೊಳಗೆ ದಾವೆ ಹಾಕಿ ಮನೆಯನ್ನು ಮತ್ತೆ ವಶಕ್ಕೆ ಪಡೆಯಬಹುದಂತೆ. ಮಾಲೀಕ ನಾನೇ ಎಂಬ ಮಾತು ಅಲ್ಲಿ ನಡೆಯುವುದಿಲ್ಲವಂತೆ. ಇನ್ನು ಮುಂದೆ ಬಾಡಿಗೆ ತೆಗೆದುಕೊಂಡರೂ ರಸೀದಿಯಲ್ಲಿ 'ನೋಟಿಸು ಹಿಂದಕ್ಕೆ ಪಡೆದಿಲ್ಲ' ಎಂದು ಬರೆಯಲು ಹೇಳಿದ. ಇಲ್ಲವಾದರೆ ನೋಟಿಸನ್ನು ನಾವೇ ಕೈಬಿಟ್ಟೆವು ಎಂದು ವಾದಿಸಲು ದಾರಿಯಾಗುತ್ತದೆ. ಅವರ ಬಚ್ಚಲಿನ ಸೂರು ಸೋರುತ್ತಿದ್ದುದು ನೆನಪಾಯಿತು. ಹೇಗೂ ಹೋಗುವವರು ಎಂದು ನಾನು ರಿಪೇರಿ ಮಾಡಿಸಿರಲಿಲ್ಲ. ಕೇಳಿದೆ. "ಇರೋವರೆಗೂ ಅದೂ ನಿಮ್ಮದೇ" ಎಂದ.

ಎದ್ದು ಹೊರಟಾಗ ಒಂದು ಕೊನೆಯ ಪ್ರಶ್ನೆ ಹಾಕಿದ. "ಅಡ್ವಾನ್ಸು ರೆಡಿ ಇದೆಯಾ ಮೇಷ್ಟ್ರೇ?"

ಇರಲಿಲ್ಲ. ಸಂಪು ರಿಪೇರಿಗೆ ಸ್ವಲ್ಪ, ಹೆಂಡತಿಯ ಕಣ್ಣಿನ ಪೊರೆಯ ಆಪರೇಷನ್ನಿಗೆ ಸ್ವಲ್ಪ, ಹೀಗೆ ಎಂದೋ ಕರಗಿತ್ತು. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಎಪ್ಪತ್ತು ಸಾವಿರದಲ್ಲಿ ಎರಡು ತಿಂಗಳ ಬಾಡಿಗೆ ಹದಿನಾಲ್ಕು ಸಾವಿರ ಕಳೆದರೆ ಐವತ್ತಾರು ಸಾವಿರ. ಬಾಕಿದಾರರು ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ನಾನೇ ಅವರಿಗೆ ಐವತ್ತಾರು ಸಾವಿರ ಕೊಡಬೇಕಿತ್ತು!

ವಾಲ್ವು ತೆಗೆದು ನೇರ ಅವರ ಬಾಗಿಲು ತಟ್ಟಿದೆ. "ನೀರು ನಿಲ್ಲಿಸಿದ್ದು ನಾನೇ. ತಪ್ಪಾಯ್ತು" ಎಂದೆ. ಆಕೆ ಒಳಗೆ ಹೋಗಿಬಿಟ್ಟರು. ಆತ ತುಸು ಹೊತ್ತು ಸುಮ್ಮನಿದ್ದು ಹೇಳಿದರು: "ಐದು ಮನೆ ನೋಡಿದ್ದೀನಿ ಮೇಷ್ಟ್ರೇ. ಎಲ್ಲಾ ಕಡೆ ಮೊದಲು ಅಡ್ವಾನ್ಸು ಕೇಳ್ತಾರೆ. ನನ್ನ ದುಡ್ಡು ನಿಮ್ಮ ಹತ್ತಿರ ಇದೆ. ನೋಟಿಸಲ್ಲಿ ಅದರ ಸುದ್ದೀನೇ ಇರಲಿಲ್ಲ. ಕೊಡೋದಿಲ್ಲವೇನೋ ಅಂದ್ಕೊಂಡೆ."

ಪರೀಕ್ಷೆಯ ಮಾತು ಸುಳ್ಳಲ್ಲ. ಆದರೆ ಪೂರ್ತಿ ಮಾತೂ ಅದಲ್ಲ. ಬಾಡಿಗೆ ನಿಲ್ಲಿಸಿದ್ದು ಸರಿಯೆಂದು ನಾನು ಇವತ್ತೂ ಒಪ್ಪುವುದಿಲ್ಲ, ಅವರಿಗೂ ಹಾಗೆಯೇ ಹೇಳಿದೆ. ಅಂಚೆ ಕಚೇರಿಯ ಠೇವಣಿಯೊಂದನ್ನು ಅವಧಿಗೆ ಮೊದಲೇ ಮುರಿಸಿದೆ. ಇಪ್ಪತ್ತೆಂಟು ಸಾವಿರ ಆಗಲೇ ಕೊಡುವುದು, ಉಳಿದ ಇಪ್ಪತ್ತೆಂಟು ಬೀಗದ ಕೈ ಕೊಟ್ಟ ದಿನ. ಪರೀಕ್ಷೆ ಮುಗಿದ ಹದಿನೈದು ದಿನದೊಳಗೆ ಮನೆ ಖಾಲಿ. ಅಲ್ಲಿಯವರೆಗೆ ತಿಂಗಳ ಬಾಡಿಗೆ ತಪ್ಪದೆ. ಹಳೆಯ ವಿದ್ಯಾರ್ಥಿಯೇ ಕಾಗದ ಬರೆದುಕೊಟ್ಟ, ಇಬ್ಬರೂ ಸಹಿ ಹಾಕಿದೆವು. ಬಚ್ಚಲಿನ ಸೂರಿಗೆ ಗಾರೆ ಕೆಲಸದವನನ್ನು ಕರೆಸಿದೆ. ಮಗ ನಾಲ್ಕು ತಿಂಗಳು ಹಾಲ್‌ನಲ್ಲಿ ಮಲಗಿದ. ಗೊಣಗಿದ, ಆದರೆ ಮಲಗಿದ.

ಏಪ್ರಿಲ್‌ನಲ್ಲಿ ಹೇಳಿದ ದಿನವೇ ಲಾರಿ ಬಂತು. ಮೊಮ್ಮಗಳು ಅಕ್ಕನ ಪುಸ್ತಕದ ಡಬ್ಬ ಹೊರಲು ಓಡಾಡಿದಳು. ಆತ ಬೀಗದ ಕೈಯನ್ನು ನನ್ನ ಕೈಗಿಟ್ಟರು. ನಾನು ಇಪ್ಪತ್ತೆಂಟು ಸಾವಿರದ ಕಟ್ಟು ಕೊಟ್ಟೆ. ಐದು ವರ್ಷ ನಾನು ಕೊಟ್ಟ ಚಿಲ್ಲರೆಯನ್ನು ನೋಡದೆ ಜೇಬಿಗೆ ಹಾಕಿಕೊಳ್ಳುತ್ತಿದ್ದ ಮನುಷ್ಯ, ಮೆಟ್ಟಿಲ ಮೇಲೆ ಕೂತು ಬೆರಳಿಗೆ ಎಂಜಲು ಹಚ್ಚಿಕೊಂಡು ಎರಡು ಸಲ ಎಣಿಸಿದರು. ಎಣಿಸಿ ಮುಗಿಯುವವರೆಗೂ ನಾನು ಪಕ್ಕದಲ್ಲೇ ನಿಂತಿದ್ದೆ.