ಬಾಕ್ಸು ಎಷ್ಟು ವ್ಯಾಟಿಂದು?

ನಮ್ಮ ದುಮ್ಮವಾಡದ ಕಡೆ ಹೊಸ ಮನೆಯ ವಾಸ್ತುಶಾಂತಿಗೆ ಹೋದರೆ, ಊಟ ಮುಗಿದ ಮೇಲೆ ಗಂಡಸರೆಲ್ಲ ಪಡಸಾಲೆಗೆ ಬಂದು ಕೂಡುತ್ತಾರೆ. ಎಲಿ-ಅಡಿಕಿಯ ತಾಟು ಒಂದು ಸುತ್ತು ತಿರುಗುವುದರೊಳಗೆ ಟಿವಿಯ ಎರಡೂ ಮಗ್ಗುಲಿಗೆ ನಿಂತ ಕರಿ ಪೆಟ್ಟಿಗೆಗಳ ಮೇಲೆ ಕಣ್ಣು ಬೀಳುತ್ತದೆ. ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಬಾಕ್ಸು ಎಷ್ಟು ವ್ಯಾಟಿಂದು?” ಎತ್ತು ತಂದವನಿಗೆ ಹಲ್ಲು ಎಷ್ಟೆಂದು ಕೇಳುವ ಧಾಟಿಯಲ್ಲೇ ಕೇಳುತ್ತಾರೆ. ಆದರೆ ಎತ್ತಿನ ವಯಸ್ಸನ್ನು ಹಲ್ಲು ಹೇಳುತ್ತದೆ, ಬಾಕ್ಸಿನ ಗುಣವನ್ನು ವ್ಯಾಟು ಹೇಳುವುದಿಲ್ಲ.

ಜೋರಿನ ವಿಷಯದಲ್ಲೂ ವ್ಯಾಟಿನ ಮಾತು ಅಷ್ಟಕ್ಕಷ್ಟೆ. 10 ವ್ಯಾಟಿನ ಆಂಪ್ಲಿಫೈಯರ್ ತೆಗೆದು 20 ವ್ಯಾಟಿಂದು ಇಟ್ಟರೆ ದನಿ ಏರುವುದು 3 ಡೆಸಿಬೆಲ್; ಕಿವಿಗೆ ‘ತುಸು ಏರಿತು’ ಅನ್ನಿಸುವಷ್ಟು. ಎರಡು ಪಟ್ಟು ಜೋರೆನ್ನಿಸಬೇಕಾದರೆ ಸುಮಾರು 100 ವ್ಯಾಟು ಬೇಕು. ಪಡಸಾಲೆಯಲ್ಲಿ ಕೂತು ಒಬ್ಬರ ಗಾಯನ ಕೇಳುವಾಗ ಸ್ಪೀಕರಿಗೆ ಹೋಗುವುದು ಬಹುಪಾಲು ಒಂದೆರಡು ವ್ಯಾಟು ಮಾತ್ರ. ತಬಲಾದ ಪೆಟ್ಟು ಬಿದ್ದಾಗ, ಹಾಡಿನ ತಾನ್ ತಾರಸಪ್ತಕಕ್ಕೆ ಜಿಗಿದಾಗ, ಕ್ಷಣದ ಮಟ್ಟಿಗೆ ಅದರ ಹತ್ತು-ಹದಿನೈದು ಪಟ್ಟು ಬೇಕಾಗುತ್ತದೆ. ಆ ಕ್ಷಣವನ್ನು ಒದ್ದಾಡದೆ ದಾಟಿಸುವ ಆಂಪ್ಲಿಫೈಯರ್ ಇದ್ದರೆ ಮನೆಗೆ ಸಾಕು. ಕ್ಯಾಸೆಟ್ಟಿನ ಕಾಲದಲ್ಲಿ ಅಂಗೈಯಗಲದ ಸ್ಪೀಕರು ಇದ್ದ ಡೆಕ್ಕುಗಳ ಮೇಲೂ ಸಾವಿರ ವ್ಯಾಟು ಪಿಎಂಪಿಒ ಎಂದು ಮಿಂಚುವ ಅಕ್ಷರದಲ್ಲಿ ಬರೆದಿರುತ್ತಿದ್ದರು. ಅದು ಕಣ್ಣೆವೆ ಮಿಟುಕಿಸುವಷ್ಟು ಹೊತ್ತೂ ನಿಲ್ಲದ ಲೆಕ್ಕ. ನೋಡುವುದೇ ಆದರೆ ಆರ್‌ಎಂಎಸ್ ಎಂದು ಬರೆದ ಅಂಕಿ ನೋಡಬೇಕು; ನೋಡಿ, ಅಲ್ಲಿಗೇ ಬಿಟ್ಟುಬಿಡಬೇಕು.

ಈ ಸುಗ್ಗಿ ಮುಗಿದ ಮೇಲೆ ನಮ್ಮ ಓಣಿಯ ಹುಡುಗನೊಬ್ಬ ಬಂದು ಕಟ್ಟೆಯ ಮೇಲೆ ಕೂತ. ಗೋವಿನಜೋಳದ ರೊಕ್ಕ ಕೈಗೆ ಬಂದಿತ್ತು.

“ಕಾಕಾ, ಹುಬ್ಬಳ್ಳಿಗೆ ಹೊಂಟೀನ್ರಿ, ಬಾಕ್ಸ್ ತರಾಕ. ಯಾವ ಕಂಪನಿದು ಚೊಲೊ ಹೇಳ್ರಿ.”

“ಅದರಾಗ ಏನ್ ಕೇಳಾಂವ ಅದೀ?”

“ಎಲ್ಲಾ ಕೇಳ್ತೀವ್ರಿ. ಅಪ್ಪಗ ಭೀಮಸೇನ ಜೋಶಿಯವರ ದಾಸರ ಪದ ಬೇಕು, ನನಗ ಸಿನಿಮಾ ಹಾಡ.”

“ಹಂಗಾರ ಅಪ್ಪನ್ನೂ ಕರಕೊಂಡ ಹೋಗಪಾ. ಕಂಪನಿ ಹೆಸರು ಅಂವಾ ಹೇಳೂದಿಲ್ಲ, ದನಿ ಖರೇ ಐತೋ ಇಲ್ಲೋ ಅಂವನ ಹೇಳ್ತಾನ.”

ಅವನ ಅಪ್ಪ ಗುಡಿಯ ಭಜನಿ ಮೇಳದಲ್ಲಿ ಪೇಟಿ ಬಾರಿಸುವವನು. ಆಂಪ್ಲಿಫೈಯರಿನ ಸಂಗತಿ ಅವನಿಗೆ ಗೊತ್ತಿಲ್ಲ. ಆದರೆ ಪೇಟಿಯ ಕರಿ ಒಂದು ಹೇಗೆ ನುಡಿಯುತ್ತದೆ, ತಾಳದ ಕೊನೆಯ ಗುಂಯ್ ಎಷ್ಟು ಹೊತ್ತು ಉಳಿಯುತ್ತದೆ, ದಮ್ಮಡಿಯ ಗೆಜ್ಜೆ ಎಲ್ಲಿ ಉದುರುತ್ತದೆ ಎಂಬುದು ಅವನ ಕಿವಿಯಲ್ಲಿ ಅಚ್ಚಾಗಿ ಕೂತಿದೆ. ಸ್ಪೀಕರಿನ ಪರೀಕ್ಷೆಗೆ ಬೇಕಾದ ಅಸಲಿ ಪ್ರತಿ ಅದು. ಪೆಟ್ಟಿಗೆಯಿಂದ ಬರುವುದು ನಕಲು. ಮೂಲವನ್ನು ಕಂಡವನಿಗೇ ನಕಲು ತಿದ್ದುವ ಅಧಿಕಾರ.

ಈ ಮೂಲಕ್ಕೆ ನಮ್ಮ ಜಿಲ್ಲೆಯಲ್ಲಿ ಯಾವತ್ತೂ ಬರವಿರಲಿಲ್ಲ. ಮಲ್ಲಿಕಾರ್ಜುನ ಮನಸೂರರು 1910ರಲ್ಲಿ ಹುಟ್ಟಿದ ಮನಸೂರು ಧಾರವಾಡದ ಮಗ್ಗುಲಲ್ಲೇ ಇದೆ. ಬಸವರಾಜ ರಾಜಗುರುಗಳು ಕುಂದಗೋಳ ತಾಲ್ಲೂಕಿನ ಯಲಿವಾಳದವರು. ಕುಂದಗೋಳದ ಸವಾಯಿ ಗಂಧರ್ವರು ಅಬ್ದುಲ್ ಕರೀಂ ಖಾನರಿಂದ ಪಡೆದದ್ದನ್ನು ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಕೊಟ್ಟರು. ಪಾಠಕ್ಕೆಂದು ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತೋತ್ಸವಕ್ಕೆ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಕೂತವರ ನಡುವೆ, ಬೆಳಗಿನಿಂದ ಹೊಲದಲ್ಲಿ ದುಡಿದು ಬಂದ ರೈತರನ್ನೂ ನೋಡಬಹುದು.

ಗಂಗೂಬಾಯಿಯವರ ದನಿಯ ಮಾತು ಬಂತು, ಸ್ವಲ್ಪ ನಿಲ್ಲುತ್ತೇನೆ. ಬಾಕ್ಸು ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಗೊತ್ತಿಲ್ಲ. 1930ರ ದಶಕದಲ್ಲಿ ಗಾಂಧಾರಿ ಹುಬಳೀಕರ ಎಂಬ ಹೆಸರಿನಲ್ಲಿ ಬಂದ ಅವರ ರೆಕಾರ್ಡುಗಳಲ್ಲಿ ದನಿ ಸಣ್ಣದು, ಎತ್ತರದ್ದು. ಮುಂದೆ ಗಂಟಲಿನ ಚಿಕಿತ್ಸೆಯ ನಂತರ ಅದು ಇಳಿದು, ಅಗಲವಾಗಿ, ನಾವೆಲ್ಲ ಕೇಳಿದ ಆ ಗಂಭೀರ ದನಿಯಾಯಿತು. ಈ ಎರಡನೆಯ ದನಿಯನ್ನು ಅಂಗಡಿಯಲ್ಲಿ ಹಚ್ಚಿಸಿ ಕೇಳಬೇಕು. ಮಂದ್ರದಲ್ಲಿ ನಿಂತಾಗ ಎದೆಯ ಭಾರ ಕೇಳಬೇಕು, ಆದರೆ ಗಡಿಗೆಯೊಳಗಿಂದ ಬಂದಂತೆ ಗುಂಯ್‌ಗುಡಬಾರದು. ಬಾಸ್ ಉಬ್ಬಿಸಿದ ಬಾಕ್ಸಿನಲ್ಲಿ ಅದು ಯಾರೋ ಗಂಡಸಿನ ದನಿಯಾಗಿಬಿಡುತ್ತದೆ. ತಗಡಿನಂಥ ಬಾಕ್ಸಿನಲ್ಲಿ ಭಾರವೆಲ್ಲ ಸೋರಿ ಬರೀ ಕರ್ಕಶ ಉಳಿಯುತ್ತದೆ. ಅದು ಗಂಗೂಬಾಯಿಯವರೇ ಎಂದು ಮನಸ್ಸು ತಕ್ಷಣ ಒಪ್ಪಿದರೆ ಆ ಬಾಕ್ಸಿಗೆ ಅರ್ಧ ಅಂಕ ಕೊಡಬಹುದು.

ಉಳಿದರ್ಧ ಅಂಕ ತಂಬೂರಿಯದು. ಕರಿ ಒಂದಕ್ಕೆ ಶ್ರುತಿ ಮಾಡಿದ ಗಂಡುದನಿಯ ತಂಬೂರಿಯಲ್ಲಿ ಜೋಡಿ ತಂತಿಗಳು ಸುಮಾರು 139 ಹರ್ಟ್ಜ್‌ನಲ್ಲಿ, ಖರಜದ ತಂತಿ ಅದರ ಅರ್ಧಕ್ಕೆ, ಸುಮಾರು 69ರಲ್ಲಿ ನುಡಿಯುತ್ತವೆ. ಖರಜವನ್ನು ಮೀಟಿದಾಗ ಅದರ ಐದು ಪಟ್ಟಿನ ಕಂಪನವೂ ಜೊತೆಗೇ ಏಳುತ್ತದೆ. ಅದೇ ಗಾಂಧಾರ. ಯಾವ ತಂತಿಯನ್ನೂ ಗಾಂಧಾರಕ್ಕೆ ಕಟ್ಟಿಲ್ಲದಿದ್ದರೂ ಗಾಂಧಾರ ತಾನಾಗಿ ತೇಲಿಬರುತ್ತದೆ. ಗವಾಯಿಗಳು ಅದು ಕೇಳುವ ತನಕ ಜವಾರಿಯನ್ನೂ ಜೀವದ ದಾರವನ್ನೂ ಸರಿಪಡಿಸುತ್ತ ಕೂಡುತ್ತಾರೆ. ತಂಬೂರಿಯ ಅಗಲವಾದ ಕುದುರೆ ಇಷ್ಟು ಸಮೃದ್ಧವಾದ ಮೇಲುಸ್ವರಗಳನ್ನು ಹೇಗೆ ಎಬ್ಬಿಸುತ್ತದೆ ಎಂಬುದನ್ನು ಸಿ.ವಿ. ರಾಮನ್ನರು 1920ರ ದಶಕದ ಆರಂಭದಲ್ಲೇ ಅಭ್ಯಾಸ ಮಾಡಿದ್ದರು. ತಬಲಾ, ಮೃದಂಗದ ಕರಣೆಯ ಗುಟ್ಟನ್ನು 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು.

ಇದರಲ್ಲೊಂದು ಸೋಜಿಗವಿದೆ. ಮುಷ್ಟಿಯಷ್ಟು ಗಾತ್ರದ ಬ್ಲೂಟೂತ್ ಸ್ಪೀಕರಿಗೆ 69 ಹರ್ಟ್ಜ್ ನುಡಿಸುವ ತಾಕತ್ತೇ ಇರುವುದಿಲ್ಲ. ಆದರೂ ಖರಜ ಕೇಳಿದಂತಾಗುತ್ತದೆ! ಮೇಲುಸ್ವರಗಳ ನಡುವಿನ ಅಂತರವನ್ನು ಹಿಡಿದು, ಇಲ್ಲದ ಬುಡವನ್ನು ಮಿದುಳು ತಾನೇ ಕಟ್ಟಿಕೊಳ್ಳುತ್ತದೆ. ಹಾಗಾದರೆ ದೊಡ್ಡ ಬಾಕ್ಸು ಯಾಕೆ ಬೇಕು? ಮಿದುಳು ಸ್ವರವನ್ನು ಕಟ್ಟಿಕೊಳ್ಳಬಲ್ಲದು, ಅದರ ಭಾರವನ್ನು ಕಟ್ಟಿಕೊಳ್ಳಲಾರದು. ಆರು-ಎಂಟು ಇಂಚಿನ ಕೋನಿರುವ, ಮರದ ಪೆಟ್ಟಿಗೆಯ ಸ್ಪೀಕರಿನಲ್ಲಿ ಖರಜ ಬಂದಾಗ ಕೂತ ಜಾಗಕ್ಕೇ ಒಂದು ನೆಲೆ ಸಿಕ್ಕಂತಾಗುತ್ತದೆ. ಆ ಸುಖಕ್ಕೆ ರೊಕ್ಕ ಕೊಡುವುದು ಯೋಗ್ಯ.

ಆದರೆ ಬಾಸ್ ಒಂದರ ಹಿಂದೆ ಬಿದ್ದವರಿಗೆ ಭೀಮಸೇನರ ಬಾಲ್ಯದ ಸಂಗತಿ ನೆನಪಿಸಬೇಕೆನ್ನಿಸುತ್ತದೆ. ಗದಗಿನ ಹುಡುಗ ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮ್ರಿಯನ್ನು ಗ್ರಾಮೋಫೋನಿನಲ್ಲಿ ಕೇಳಿದ, ಹಾಗೆ ಹಾಡಬೇಕೆಂಬ ಹುಚ್ಚು ಹತ್ತಿತು, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟ. ಅವನು ಕೇಳಿದ್ದು ನಿಮಿಷಕ್ಕೆ 78 ಸುತ್ತಿನ, ಮೂರು ನಿಮಿಷದ ತಟ್ಟೆ. ಆ ತಟ್ಟೆಯಲ್ಲಿ ತೀರ ಕೆಳಗಿನ ದನಿಯೂ ಇರಲಿಲ್ಲ, ತೀರ ಮೇಲಿನ ಹೊಳಪೂ ಇರಲಿಲ್ಲ, ಮೇಲೆ ಮುಳ್ಳಿನ ಸರಸರ ಸದ್ದು ಬೇರೆ. ಆದರೆ ಮನುಷ್ಯನ ಕಂಠ ಓಡಾಡುವ ನಡುವಿನ ಭಾಗ ಉಳಿದಿತ್ತು. ಒಬ್ಬ ಹುಡುಗನ ಇಡೀ ಬಾಳನ್ನು ತಿರುಗಿಸಲು ಅಷ್ಟು ಸಾಕಾಯಿತು. ಆಕಾಶವಾಣಿ ಧಾರವಾಡ 1950ರ ಜನವರಿಯಲ್ಲಿ ಶುರುವಾದ ಮೇಲೆ ಊರೂರಿಗೆ ಸಂಗೀತ ಮುಟ್ಟಿಸಿದ ಮೀಡಿಯಂ ವೇವ್ ಪ್ರಸಾರವೂ ಹಾಗೆಯೇ. ಅದರಲ್ಲಿ ಮೇಲಿನ ದನಿಗಳು ಬಹಳಷ್ಟು ಕತ್ತರಿಸಿಹೋಗುತ್ತವೆ. “ಹಳೇ ವಾಲ್ವ್ ರೇಡಿಯೋದ ದನಿ ಈಗ ಎಲ್ಲೈತ್ರಿ?” ಎಂದು ಹಿರಿಯರು ಹೇಳುವಾಗ ಅದನ್ನು ಬರೀ ಮಮಕಾರವೆಂದು ತಳ್ಳಿಹಾಕಬಾರದು. ಅಗಲವಾದ ಮರದ ಪೆಟ್ಟಿಗೆಯಲ್ಲಿದ್ದ ಒಂದೇ ದೊಡ್ಡ ಸ್ಪೀಕರು, ಕಂಠದ ದನಿಯನ್ನು ಎರಡು-ಮೂರು ಸ್ಪೀಕರುಗಳಿಗೆ ಹರಿದು ಹಂಚದೆ ಇಡಿಯಾಗಿ ಕೊಡುತ್ತಿತ್ತು. ಹಾಗಾಗಿ ನನ್ನ ಕ್ರಮ ಇಷ್ಟು: ಮೊದಲು ನಡುವಿನ ಕಂಠ, ಆಮೇಲೆ ಕೆಳಗಿನ ಭಾರ, ಕೊನೆಗೆ ಮೇಲಿನ ಹೊಳಪು.

ಕೊಪ್ಪಿಕರ ರೋಡಿನಲ್ಲಾಗಲಿ ಬೇರೆಲ್ಲಾಗಲಿ, ಅಂಗಡಿಯವರು ತಮ್ಮ ಬಾಕ್ಸು ಚೆಂದ ಕಾಣುವ ಹಾಡನ್ನೇ ಹಚ್ಚುತ್ತಾರೆ, ವ್ಯಾಪಾರವೆಂದರೆ ಅದೇ. ಕೇಳಲು ಹೋದವರು ನಿತ್ಯ ಕೇಳುವ ಹಾಡನ್ನು ತಾವೇ ಒಯ್ಯಬೇಕು. ಬಾಸ್ ಬೂಸ್ಟ್, ಈಕ್ವಲೈಜರ್ ಎಲ್ಲ ಬಂದ್ ಮಾಡಿಸಬೇಕು. ಎರಡು ಬಾಕ್ಸು ಹೋಲಿಸುವಾಗ ಎರಡರ ಜೋರೂ ಸಮ ಇರಬೇಕು. ಒಂದು ಕೂದಲೆಳೆ ಜೋರಿದ್ದರೂ ಕಿವಿ ಅದನ್ನೇ ಚೊಲೊ ಅನ್ನುತ್ತದೆ. ಇಪ್ಪತ್ತು ನಿಮಿಷ ಕೂಡಬೇಕು. ಮೊದಲ ನಿಮಿಷದಲ್ಲಿ ಬೆರಗು ಹುಟ್ಟಿಸುವ ಬಾಕ್ಸು ಹತ್ತನೆಯ ನಿಮಿಷಕ್ಕೆ ತಲೆ ನೋಯಿಸುವುದುಂಟು. ಕೈಯಲ್ಲಿರುವ ರೊಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಸ್ಪೀಕರಿಗೇ ಇಡುವುದು ಜಾಣತನ. ಯಾಕೆಂದರೆ ಇಡೀ ಸರಪಳಿಯಲ್ಲಿ ದನಿಯನ್ನು ಅತಿ ಹೆಚ್ಚು ಬದಲಿಸುವುದು ಅದೇ. ಅದರ ನಂತರ, ಅದನ್ನು ಇಟ್ಟ ಖೋಲಿ.

ಖೋಲಿಯ ವಿಷಯದಲ್ಲಿ ನಾವು ಹಳ್ಳಿಯವರು ಭಾಗ್ಯವಂತರಾಗಿದ್ದೆವು. ಕಲಘಟಗಿ ಸೀಮೆಯ ಹಳೇ ಮನೆಗಳ ದಪ್ಪ ಮಣ್ಣಿನ ಗೋಡೆ, ಸಾರಿಸಿದ ನೆಲ, ಮರದ ಕಂಬ, ಹೆಂಚಿನ ಮಾಡು, ಮೂಲೆಗೆ ಒಟ್ಟಿದ ಕಾಳಿನ ಚೀಲ ಇವೆಲ್ಲ ದನಿಯನ್ನು ಹೀರಿ, ಚದುರಿಸಿ, ಹದಕ್ಕೆ ತರುತ್ತಿದ್ದವು. ಈಗ ಸ್ಲ್ಯಾಬು ಹಾಕಿ, ನೆಲಕ್ಕೆ ಟೈಲ್ಸು ಕೂಡಿಸಿ, ಗೋಡೆಗೆ ನುಣ್ಣನೆಯ ಗಿಲಾವು ಮಾಡಿದ ಪಡಸಾಲೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಬೇಕು: ಝಣ್ ಎಂದು ತಿರುಗಿ ಬರುತ್ತದೆ. ಅಲ್ಲಿ ಎಂಥ ದುಬಾರಿ ಬಾಕ್ಸಿಟ್ಟರೂ ಮಾತು ಮಾತಿನ ಮೇಲೆ ಬಿದ್ದು ರಾಡಿಯಾಗುತ್ತದೆ. ಇದಕ್ಕೆ ಮದ್ದು ನಮ್ಮ ಜಿಲ್ಲೆಯಲ್ಲೇ ಇದೆ. ನೆಲಕ್ಕೆ ಒಂದು ನವಲಗುಂದದ ಜಮಖಾನ, ಬಾಕ್ಸಿನ ಎದುರು ಗೋಡೆಗೆ ಅವ್ವ ಹೊಲಿದ ದಪ್ಪನೆಯ ಕೌದಿ. ನವಲಗುಂದದ ಹೆಣ್ಣುಮಕ್ಕಳು ಮಗ್ಗದ ಮುಂದೆ ಕೂತು ನೇಯುವ ಆ ಜಮಖಾನಕ್ಕೆ ಭೌಗೋಳಿಕ ಸೂಚ್ಯಂಕದ ಮನ್ನಣೆಯಿದೆ. ನೋಡಲೂ ಚೆಂದ, ಕಿವಿಗೂ ಹಿತ.

ಬಾಕ್ಸನ್ನು ಮೂಲೆಗೆ ತುರುಕಬಾರದು. ಮೂಲೆ ಬಾಸ್ ಉಬ್ಬಿಸುತ್ತದೆ. ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ, ಬಾಕ್ಸಿನೊಳಗಿನ ಸಣ್ಣ ಸ್ಪೀಕರು ಕೂತವರ ಕಿವಿಯ ಎತ್ತರಕ್ಕೆ ಬರುವಂತೆ, ಎರಡು ಬಾಕ್ಸಿನ ನಡುವೆ ಎಷ್ಟು ದೂರವೋ ಅಷ್ಟೇ ದೂರದಲ್ಲಿ ನಾವು. ಇಷ್ಟು ಮಾಡಿದರೆ ಗಾಯಕ ಎರಡರ ನಡುವೆ ಬಂದು ಕೂಡುತ್ತಾನೆ. ಇನ್ನು ಹೊತ್ತು. ಪಂಪ್‌ಸೆಟ್ಟುಗಳೆಲ್ಲ ನಡೆದಾಗ ವೋಲ್ಟೇಜು ಬಿದ್ದು ಆಂಪ್ಲಿಫೈಯರ್ ಸೊರಗುತ್ತದೆ. ಒಂದು ಸ್ಟೆಬಿಲೈಜರ್ ಇರಲಿ. ಊರು ಮಲಗಿದ ಮೇಲೆ ನಮಗೆ ಸಿಗುವ ನಿಶ್ಶಬ್ದ ಮಾತ್ರ ನಗರದವರು ಲಕ್ಷ ಸುರಿದರೂ ಸಿಗದು. ಅಂಥ ಹೊತ್ತಿನಲ್ಲಿ ಸಾಧಾರಣ ಬಾಕ್ಸಿನಲ್ಲೂ ತಂಬೂರಿಯ ತಂತಿ ಸಾಯುವ ತನಕ ಕೇಳುತ್ತದೆ.

ಹುಡುಗ ಅಪ್ಪನ ಜೊತೆ ಹೋಗಿ ಬಾಕ್ಸು ತಂದ. ಚೊಲೊ ಬಾಕ್ಸೇ ತಂದಿದ್ದಾನೆ. ನನಗೆ ಚಿಂತೆ ಇರುವುದು ಆ ಹುಡುಗನ ಮಗನ ಬಗ್ಗೆ. ಅವನು ಅಂಗಡಿಗೆ ಯಾರ ಕಿವಿಯನ್ನು ಕರೆದೊಯ್ಯುತ್ತಾನೆ? ಮದುವೆ, ಜಾತ್ರೆ, ಮೆರವಣಿಗೆಯಲ್ಲಿ ಟ್ರ್ಯಾಕ್ಟರಿನ ಮೇಲೆ ಡಾಲ್ಬಿ ಎನ್ನುವ ಬಾಕ್ಸುಗಳ ರಾಶಿ ಹೇರಿ ಎದೆ ನಡುಗುವಂತೆ ಹಚ್ಚುತ್ತಾರೆ. ಜಗ್ಗಲಗಿ ವಾದ್ಯದ ಸದ್ದೂ ಎದೆಗೆ ತಾಕುತ್ತದೆ ನಿಜ, ಆದರೆ ಅದು ಚರ್ಮದ್ದು, ಕೈಯದು; ಹತ್ತು ಹೆಜ್ಜೆ ಹಿಂದೆ ಸರಿದರೆ ಹಿತವಾಗುತ್ತದೆ. ಡಾಲ್ಬಿಯಿಂದ ಹಿಂದೆ ಸರಿಯಲು ಊರೇ ಸಾಲದು. ಮೂವತ್ತು ಮಂದಿ ಕೂಡುವ ಗುಡಿಯಲ್ಲೂ ಈಗ ಪೇಟಿಗೊಂದು ಮೈಕು, ಹಾಡುವವರಿಗೊಂದು ಮೈಕು, ಮೇಲೊಂದು ಎಕೋ ಮಶೀನು, ಗೋಪುರಕ್ಕೆ ಹಾರ್ನು. ಎದುರಿಗೇ ಕೂತ ಮಗುವಿಗೆ ಪೇಟಿಯ ದನಿ ಪೇಟಿಯಿಂದ ಬರುವುದಿಲ್ಲ, ಹಾರ್ನಿನಿಂದ ಬರುತ್ತದೆ. ಮೂಲವನ್ನೇ ಕೇಳದ ಕಿವಿ ನಕಲನ್ನು ಯಾವುದರ ಮುಂದಿಟ್ಟು ತೂಗಬೇಕು?

ಅದಕ್ಕೇ ನಮ್ಮ ಭಜನಿ ಮೇಳದವರಲ್ಲಿ ನನ್ನದೊಂದು ಕೋರಿಕೆ. ಬರುವ ಶ್ರಾವಣದ ಸೋಮವಾರಗಳಲ್ಲಿ ಒಂದು ರಾತ್ರಿಯಾದರೂ ಮೈಕಿನ ವಾಯರು ಕಿತ್ತಿಟ್ಟು ಭಜನಿ ಮಾಡೋಣ. ಶಿಶುನಾಳ ಶರೀಫರ ತತ್ವಪದಕ್ಕೆ ಏಕತಾರಿ, ದಮ್ಮಡಿ, ತಾಳ, ಪೇಟಿ ಸಾಕು. ದೊಡ್ಡವರು ಹಿಂದೆ ಕೂತು, ಹುಡುಗರನ್ನು ಪೇಟಿಯ ಮಗ್ಗುಲಿಗೇ ಕೂಡ್ರಿಸೋಣ. ಆ ದನಿ ಒಮ್ಮೆ ಕಿವಿಯಲ್ಲಿ ಕೂತಿತೆಂದರೆ ಮುಂದೆ ಯಾವ ಅಂಗಡಿಯಲ್ಲೂ ಅವರು ವ್ಯಾಟು ಕೇಳಿ ರೊಕ್ಕ ಎಣಿಸುವುದಿಲ್ಲ.