ಆಮ್‌ಸ್ಟರ್‌ಡಾಮ್‌ನ ಕೆಂಪು ದಾರಿ

ಆಮ್‌ಸ್ಟರ್‌ಡಾಮ್‌ನಲ್ಲಿ ಬೆಳಿಗ್ಗೆ ರಸ್ತೆ ದಾಟುವವರು ಕಾರಿಗಿಂತ ಸೈಕಲಿಗೇ ಹೆಚ್ಚು ಹೆದರಬೇಕು. ಕೆಂಪು ಬಣ್ಣದ ಪ್ರತ್ಯೇಕ ದಾರಿಯಲ್ಲಿ ಕಚೇರಿಗೆ ಹೊರಟವರು, ಅಜ್ಜಿಯಂದಿರು, ಸೈಕಲಿನ ಮುಂದಿನ ಪೆಟ್ಟಿಗೆಯಲ್ಲಿ ಎರಡು ಮೂರು ಪುಟಾಣಿಗಳನ್ನು ಕೂರಿಸಿಕೊಂಡ ತಾಯಂದಿರು ಸಾಲಾಗಿ ಸಾಗುತ್ತಾರೆ. ಶಿರವಸ್ತ್ರ ಧರಿಸಿದ ಮೊರೊಕ್ಕೊ, ಟರ್ಕಿ ಮೂಲದ ಸಹೋದರಿಯರೂ ಅವರಲ್ಲಿದ್ದಾರೆ. ತವರಿನಲ್ಲಿ ಸೈಕಲ್ ಮುಟ್ಟದ ಇಂಥವರಿಗೆ ಕಲಿಸಲೆಂದೇ ಅಲ್ಲಿ ತರಗತಿಗಳು ನಡೆದಿವೆ.

ಇದು ಡಚ್ಚರ ಹುಟ್ಟುಗುಣ ಎಂದುಕೊಳ್ಳುವವರಿದ್ದಾರೆ. ಹಾಗೇನಿಲ್ಲ. ಎರಡನೇ ಮಹಾಯುದ್ಧದ ನಂತರ ಕೈಯಲ್ಲಿ ಹಣ ಓಡಾಡತೊಡಗಿದಾಗ ಅವರೂ ಕಾರಿಗೆ ಮರುಳಾದರು. 1971ರಲ್ಲಿ ನೆದರ್‌ಲ್ಯಾಂಡ್ಸ್‌ನ ರಸ್ತೆಗಳಲ್ಲಿ ಸುಮಾರು 3,300 ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು! ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ 1972ರಲ್ಲಿ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಲೇಖನ ಬರೆದರು. ಆ ಶೀರ್ಷಿಕೆಯೇ ಒಂದು ಚಳವಳಿಯ ಹೆಸರಾಯಿತು. ಅದರ ಮೊದಲ ಅಧ್ಯಕ್ಷೆ ಮಾರ್ತ್ಯೆ ವಾನ್ ಪುಟ್ಟೆನ್ ಆಗ ಎಳೆಯ ಮಕ್ಕಳ ತಾಯಿ. ಇವರೆಲ್ಲ ಸೇರಿ ಬೀದಿಯನ್ನು ಮುಚ್ಚಿ ಮಕ್ಕಳನ್ನು ಆಡಲು ಬಿಟ್ಟರು. ನಡುಬೀದಿಯಲ್ಲೇ ಮೇಜು ಹಾಕಿ ಊಟಕ್ಕೂ ಕುಳಿತರು. ಬರೀ ಘೋಷಣೆಗಿಂತ ಇದು ಎಷ್ಟೋ ಮೇಲು.

1975ರಲ್ಲಿ ಸೈಕಲ್ ಸವಾರರ ಸಂಘ ಹುಟ್ಟಿತು. ಸಾವಿರಾರು ಜನ ಸೈಕಲ್ ಏರಿ ಮೆರವಣಿಗೆ ಹೊರಟರು. ಕೆಲವೊಮ್ಮೆ ಸೈಕಲಿನೊಂದಿಗೆ ರಸ್ತೆಯಲ್ಲೇ ಮಲಗಿದರು. ಪ್ರತ್ಯೇಕ ದಾರಿ ಬೇಕು, ಅದಕ್ಕೆ ಹಣ ಕೊಡಿ ಎಂಬುದೇ ಅವರ ಬೇಡಿಕೆ. ಸರಕಾರ ಹೇಗ್ ಮತ್ತು ಟಿಲ್‌ಬರ್ಗ್ ನಗರಗಳಲ್ಲಿ ಪ್ರಯೋಗಕ್ಕೆಂದು ಇಂಥ ದಾರಿಗಳಿಗೆ ಹಣ ಒದಗಿಸಿತು. ಹೇಗ್‌ನ ಅಂಗಡಿಯವರು ವ್ಯಾಪಾರ ಕೆಡುತ್ತದೆಂದು ಸಿಡಿಮಿಡಿಗೊಂಡರು. ಆದರೂ ಕೆಲಸ ನಿಲ್ಲಲಿಲ್ಲ, ದಾರಿಗಳು ಊರಿಂದೂರಿಗೆ ಬೆಳೆದವು. 2010ರಲ್ಲಿ ಆ ದೇಶದ ರಸ್ತೆಗಳಲ್ಲಿ ಸತ್ತ ಮಕ್ಕಳ ಸಂಖ್ಯೆ 14.