ಸೊಲ್ಲಾಪುರದ ಮನೆ, ತೈಹಾಂಗ್ ಬೆಟ್ಟದ ಆಸ್ಪತ್ರೆ

ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿಲೊಮೀಟರು. ನಮ್ಮ ಕಡೆಯಿಂದ ಹೋದವರು ಮೊದಲು ಸಿದ್ಧರಾಮೇಶ್ವರರ ಗುಡಿಯಲ್ಲಿ ಕೈಮುಗಿದು, ಕೆರೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕುಳಿತು, ಅನಂತರ ಪೇಟೆಯ ಕೆಲಸಕ್ಕೆ ತೊಡಗುವುದು ರೂಢಿ. ಈ ಸಲ ಏಳನೆಯ ತರಗತಿಯ ಮಕ್ಕಳೊಡನೆ ಹೋಗಿದ್ದ ನಾವು ಗುಡಿಯಿಂದ ಭೈಯಾ ಚೌಕದ ಕಡೆಗೆ ಹೊರಟೆವು. ಡಾ. ದ್ವಾರಕಾನಾಥ ಕೋಟ್ನೀಸರ ಮನೆ ಅಲ್ಲಿ ಸ್ಮಾರಕವಾಗಿ ಉಳಿದಿದೆ.

ಕೋಟ್ನೀಸರು ಜನಿಸಿದ್ದು 1910ರ ಅಕ್ಟೋಬರ್ 10ರಂದು, ಇದೇ ಸೊಲ್ಲಾಪುರದಲ್ಲಿ. ಮರಾಠಿ, ಕನ್ನಡ, ತೆಲುಗು ಮೂರೂ ಕಿವಿಗೆ ಬೀಳುವ ಊರಿದು. ಮುಂಬಯಿಯಲ್ಲಿ ವೈದ್ಯವಿದ್ಯೆ ಕಲಿತು ಮೇಲಿನ ವ್ಯಾಸಂಗದ ಯೋಚನೆಯಲ್ಲಿದ್ದ ಆ ತರುಣನನ್ನು ಚೀನಾದಿಂದ ಬಂದ ಕರೆಯೊಂದು ಸೆಳೆಯಿತು. ಜಪಾನಿನ ಆಕ್ರಮಣಕ್ಕೆ ಸಿಕ್ಕ ಆ ದೇಶದಲ್ಲಿ ಗಾಯಾಳುಗಳಿಗೆ ವೈದ್ಯರಿರಲಿಲ್ಲ, ಔಷಧವಿರಲಿಲ್ಲ. ಸೇನಾನಿ ಜು ದೆ ಅವರು ನೆರವು ಕೋರಿ ನೆಹರೂ ಅವರಿಗೆ ಪತ್ರ ಬರೆದಿದ್ದರು. ಆಗ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ಜನರ ಮುಂದೆ ಕೈಯೊಡ್ಡಿದರು. 1938ರ ಜುಲೈಯಲ್ಲಿ ಚೀನಾ ನಿಧಿಯ ದಿನಗಳನ್ನು ಆಚರಿಸಿ 22,000 ರೂಪಾಯಿ ಕೂಡಿಸಲಾಯಿತು. ಪರರ ಆಳ್ವಿಕೆಯಲ್ಲಿದ್ದ ಬಡ ದೇಶವೊಂದು ತನಗಿಂತ ಹೆಚ್ಚು ಕಷ್ಟದಲ್ಲಿದ್ದ ನೆರೆಯವರಿಗೆ ಕೊಟ್ಟ ಕಾಣಿಕೆ ಅದು.

ಸೆಪ್ಟೆಂಬರ್ ಮೊದಲ ದಿನ ಮುಂಬಯಿಯಿಂದ ಹಡಗು ಹೊರಟಿತು. ಆಂಬುಲೆನ್ಸ್, ಔಷಧ, ಶಸ್ತ್ರಚಿಕಿತ್ಸೆಯ ಸಲಕರಣೆ, ಇವುಗಳೊಡನೆ ಐವರು ವೈದ್ಯರು: ಅಟಲ್, ಚೋಳ್ಕರ್, ಬಸು, ಮುಖರ್ಜಿ ಮತ್ತು ಎಲ್ಲರಿಗಿಂತ ಕಿರಿಯರ ಸಾಲಿನಲ್ಲಿದ್ದ ಕೋಟ್ನೀಸ್. ಕ್ಯಾಂಟನ್ ಬಂದರಿನಲ್ಲಿ ಇಳಿದು, ವುಹಾನ್, ಚುಂಗ್‌ಕಿಂಗ್ ದಾಟಿ, 1939ರ ಫೆಬ್ರವರಿಯಲ್ಲಿ ಅವರು ಯೆನಾನ್ ತಲುಪಿದರು. ದಾರಿಯಲ್ಲಿಯೇ ಕೋಟ್ನೀಸರಿಗೆ ತಂದೆ ತೀರಿಕೊಂಡ ಸುದ್ದಿ ಮುಟ್ಟಿತು. ಊರಿಗೆ ಮರಳುವ ಅವಕಾಶವಿದ್ದರೂ ಅವರು ಮುಂದಕ್ಕೇ ನಡೆದರು.

ಗೋಡೆಯ ಮೇಲಿನ ಛಾಯಾಚಿತ್ರಗಳನ್ನು ನೋಡುತ್ತಿದ್ದ ಹುಡುಗಿಯೊಬ್ಬಳು ಥಟ್ಟನೆ ಕೇಳಿದಳು: "ಸರ, ಇಲ್ಲಿಂದ ಒಯ್ದ ಔಷಧ ಅವರಿಗೆ ಸಾಕಾತೇನ್ರಿ?"

ಸಾಕಾಗಲಿಲ್ಲ. ಸಾಕಾಗುವುದು ಸಾಧ್ಯವೂ ಇರಲಿಲ್ಲ. ಕೋಟ್ನೀಸರು ಮುಂದೆ ದುಡಿದದ್ದು ಉತ್ತರ ಚೀನಾದ ತೈಹಾಂಗ್ ಬೆಟ್ಟಗಳ ಸೀಮೆಯಲ್ಲಿ, ಶತ್ರುಸೈನ್ಯ ಸುತ್ತುವರಿದಿದ್ದ ಹಳ್ಳಿಗಳಲ್ಲಿ. ಹೊರಗಿನಿಂದ ಔಷಧ ಬರುವ ದಾರಿಗಳು ಕಟ್ಟಿಹೋಗಿದ್ದವು. ಅವರಿಗಿಂತ ಮೊದಲು ಅಲ್ಲಿ ಸೇವೆಗೆ ನಿಂತವರು ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥೂನ್. ಕೈಗವಸಿಲ್ಲದೆ ಶಸ್ತ್ರಚಿಕಿತ್ಸೆ ಮಾಡುವಾಗ ಬೆರಳಿಗೆ ಗಾಯವಾಗಿ, ನಂಜೇರಿ, 1939ರ ನವೆಂಬರಿನಲ್ಲಿ ಅವರು ಮಡಿದರು. ಒಂದು ಜೊತೆ ರಬ್ಬರಿನ ಕೈಗವಸಿನ ಬೆಲೆ ಎಷ್ಟೆಂಬುದನ್ನು ಅಂಥ ಕಡೆಯಲ್ಲಿಯೇ ಅರಿಯಬೇಕು.

ಬೆಥೂನರ ಹೆಸರಿನ ಆಸ್ಪತ್ರೆಯ ಹೊಣೆ 1941ರಲ್ಲಿ ಕೋಟ್ನೀಸರ ಹೆಗಲೇರಿತು. ಅವರು ಚೀನೀ ಭಾಷೆಯನ್ನು ಕಲಿತರು. ಗಾಯಾಳುಗಳೊಡನೆ ಅದರಲ್ಲಿ ಮಾತಾಡಿದರು, ಹಳ್ಳಿಗಾಡಿನಿಂದ ಬಂದ ವಿದ್ಯಾರ್ಥಿಗಳಿಗೆ ಅದೇ ಭಾಷೆಯಲ್ಲಿ ಶಸ್ತ್ರಚಿಕಿತ್ಸೆಯ ಪಾಠ ಹೇಳಿದರು. ಮುಂಬಯಿಯಲ್ಲಿ ಇಂಗ್ಲಿಷಿನಲ್ಲಿ ಕಲಿತ ವಿದ್ಯೆಯನ್ನು ರೋಗಿಯ ಮನೆಮಾತಿಗೆ ಇಳಿಸುವುದೇ ಒಂದು ದೊಡ್ಡ ದುಡಿಮೆ. ಮುಂಬಯಿಯ ಹಡಗಿನಲ್ಲಿ ಹೋದ ಔಷಧ ಎಂದೋ ಮುಗಿದಿತ್ತು. ಹೇಳಿಕೊಟ್ಟ ವಿದ್ಯೆ ಮಾತ್ರ ಒಬ್ಬರಿಂದ ಇನ್ನೊಬ್ಬರಿಗೆ ಸಾಗುತ್ತಲೇ ಇತ್ತು.

ಅಲ್ಲಿಯೇ ದಾದಿಯರಿಗೆ ಪಾಠ ಹೇಳುತ್ತಿದ್ದ ಗುವೊ ಚಿಂಗ್‌ಲಾನ್ ಅವರನ್ನು ಕೋಟ್ನೀಸರು ವರಿಸಿದರು. 1942ರ ಆಗಸ್ಟಿನಲ್ಲಿ ಹುಟ್ಟಿದ ಮಗನಿಗೆ ಇನ್‌ಹ್ವಾ ಎಂದು ಹೆಸರಿಟ್ಟರು. 'ಇನ್' ಎಂದರೆ ಭಾರತ, 'ಹ್ವಾ' ಎಂದರೆ ಚೀನಾ. ಮಗುವಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ. ಡಿಸೆಂಬರ್ 9ರಂದು ಅಪಸ್ಮಾರದ ಆಘಾತದಿಂದ ತಂದೆ ತೀರಿಕೊಂಡರು. ಆಗ ಅವರ ವಯಸ್ಸು 32. ಉಳಿದ ನಾಲ್ವರು ವೈದ್ಯರು ಸ್ವದೇಶ ಸೇರಿದರು. ಸೊಲ್ಲಾಪುರದ ಈ ಮನೆಗೆ ಮಗ ಮರಳಲಿಲ್ಲ. ಅವರ ಸಮಾಧಿ ಇಂದು ಚೀನಾದ ಷಿಜಿಯಾಜುವಾಂಗ್ ನಗರದ ಹುತಾತ್ಮರ ಉದ್ಯಾನದಲ್ಲಿದೆ.

ಸಂಜೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಮತ್ತೆ ಕೆರೆಯ ದಂಡೆಗೆ ಬಂದು ಕುಳಿತೆವು. ಸೊನ್ನಲಿಗೆಯ ಸಿದ್ಧರಾಮರು ಹನ್ನೆರಡನೆಯ ಶತಮಾನದಲ್ಲಿ ಜನರನ್ನು ಕೂಡಿಸಿ ತೋಡಿಸಿದ ಕೆರೆ ಇದೆಂದು ಮಕ್ಕಳಿಗೆ ಪಾಠದಿಂದ ಗೊತ್ತು. ಮಳೆ ಎಲ್ಲ ಕಡೆಗೂ ಬೀಳುತ್ತದೆ. ಕೆರೆ ತೋಡಿದ ಕಡೆ ನೀರು ನಿಲ್ಲುತ್ತದೆ. ದಾನವೂ ಹಾಗೆಯೇ ಎಂದು ನನಗನ್ನಿಸಿತು.

ನಮ್ಮ ಶಾಲೆಯ ಕಪಾಟಿನಲ್ಲಿ ದಾನಿಗಳು ಕೊಟ್ಟ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೊಂದಿದೆ. ಮರುದಿನ ಮಕ್ಕಳ ಎದುರಿಗೆ ಅದರ ಬೀಗ ತೆಗೆದೆ. ಎರಡು ಔಷಧಗಳ ಅವಧಿ ತೀರಿಹೋಗಿತ್ತು. ಪಟ್ಟಿಯ ಸುರುಳಿಗಳು ಬಿಚ್ಚದೆ ಹಾಗೆಯೇ ಇದ್ದವು. ಬಳಸುವ ಬಗೆ ತಿಳಿಸುವ ಹಾಳೆ ಇಂಗ್ಲಿಷಿನಲ್ಲಿತ್ತು, ಯಾರೂ ಓದಿರಲಿಲ್ಲ. ಪ್ರಶ್ನೆ ಕೇಳಿದ್ದ ಆ ಹುಡುಗಿ ಮತ್ತು ಅವಳ ಗೆಳತಿಯರು ಈಗ ಆ ಹಾಳೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದಾರೆ. ಪಟ್ಟಿ ಕಟ್ಟುವುದನ್ನು ಕಲಿಸಲು ಬರುವ ಶನಿವಾರ ಆರೋಗ್ಯ ಕೇಂದ್ರದ ಸಿಸ್ಟರ್ ಬರಲೊಪ್ಪಿದ್ದಾರೆ. ಪೆಟ್ಟಿಗೆಯ ಬೀಗವನ್ನು ಮಾತ್ರ ಮತ್ತೆ ಹಾಕಿಲ್ಲ.